ಸಣ್ಣ ಸಾಹುಕಾರನ ಕಾರಿನ ಕಮಾನು

ಆ ಕಮಾನು ಮುರಿದದ್ದು ನನ್ನ ಏಟಿನಿಂದಲ್ಲ. ಮೂವತ್ತು ವರ್ಷಗಳಿಂದ ಇದನ್ನು ಹೇಳುತ್ತಾ ಬಂದಿದ್ದೇನೆ. ಕೇಳಿದವರು ತಲೆಯಾಡಿಸಿ ಬೇರೆ ಮಾತಿಗೆ ಹೋಗುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಸಿಂಧನೂರಿನಲ್ಲಿ ಗಂಗಾವತಿ ಕಡೆ ಹೋಗುವ ರಸ್ತೆಗೆ ಹತ್ತಿಕೊಂಡು ಅಪ್ಪನ ಕಮಾನಿನ ಅಂಗಡಿ ಇತ್ತು. ಲಾರಿ, ಜೀಪು, ಟ್ರ್ಯಾಕ್ಟರಿನ ಟ್ರೇಲರುಗಳ ಅಡಿಯಲ್ಲಿ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಕೆಳಗೊಂದು ಕಟ್ಟಿರುತ್ತಾರಲ್ಲ, ಅದೇ ಕಮಾನು. ಭತ್ತದ ಸುಗ್ಗಿಯಲ್ಲಿ ಹೇರಬಾರದಷ್ಟು ಹೇರಿಕೊಂಡು ಕಾಲುವೆ ರಸ್ತೆಯ ತಗ್ಗುಗಳಲ್ಲಿ ಬಿದ್ದೆದ್ದು ಬರುವ ಗಾಡಿಗಳ ಕಮಾನುಗಳು ಬಾಗು ಕಳೆದುಕೊಂಡು ನೆಟ್ಟಗಾಗುತ್ತಿದ್ದವು, ಇಲ್ಲವೇ ಮುರಿಯುತ್ತಿದ್ದವು. ಅಪ್ಪ ಅವನ್ನು ಬಿಚ್ಚಿ, ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬಡಿದು ಬಾಗಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಸಣ್ಣ ಉರಿಯಲ್ಲಿ ಹದಕ್ಕೆ ತರುತ್ತಿದ್ದ. ಇಕ್ಕಳವೂ ಸಣ್ಣ ಸುತ್ತಿಗೆಯೂ ಅವನ ಕೈಯಲ್ಲಿ, ದೊಡ್ಡ ಸುತ್ತಿಗೆ ನನ್ನ ಕೈಯಲ್ಲಿ.

ನನಗೆ ಅಣ್ಣತಮ್ಮಂದಿರಿಲ್ಲ. ಅವ್ವ ತೀರಿಹೋದ ಮೇಲೆ, ಹದಿನಾಲ್ಕರ ವಯಸ್ಸಿನಿಂದ ಸುತ್ತಿಗೆ ಹಿಡಿದವಳು ನಾನು. ಅಪ್ಪನ ಸಣ್ಣ ಸುತ್ತಿಗೆ ಎಲ್ಲಿ ಟಿಣ್ ಅನ್ನುತ್ತದೋ ಅಲ್ಲಿ ನನ್ನ ಏಟು ಬೀಳಬೇಕು. ನಡುವೆ ಮಾತಿಲ್ಲ. ಆಮೇಲೆ ಲಿಂಗಸುಗೂರಿಗೆ ಕೊಟ್ಟು ಮದುವೆ ಮಾಡಿದರು. ಆ ಮನೆಯ ಕಥೆ ಇಲ್ಲಿ ಬೇಡ. ಮೂರನೆಯ ವರ್ಷ ಒಂದು ಟ್ರಂಕು ಹಿಡಿದು ಬಸ್ಸಿನಲ್ಲಿ ಹಿಂದಿರುಗಿದೆ. ಅಪ್ಪ ಯಾಕೆ ಬಂದೆ ಎಂದು ಕೇಳಲಿಲ್ಲ. ಎರಡು ದಿನ ಬಿಟ್ಟು, ಕಾದ ಪಟ್ಟಿಯನ್ನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲಿಟ್ಟು ನನ್ನ ಕಡೆ ನೋಡಿದ. ನಾನು ಎದ್ದು ಸುತ್ತಿಗೆ ತೆಗೆದುಕೊಂಡೆ. ಆ ನೋಟಕ್ಕಾಗಿ ಅವನ ಮೇಲೆ ನನಗೆ ಎಷ್ಟು ಪ್ರೀತಿ ಇತ್ತು ಅಂದರೆ, ಮುಂದೆ ಅವನು ಮಾಡಿದ್ದನ್ನು ನನಗೆ ಇವತ್ತಿಗೂ ಕ್ಷಮಿಸಲು ಆಗಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ಊರಿನ ದೊಡ್ಡ ಅಕ್ಕಿ ಗಿರಣಿಯ ಸಾಹುಕಾರರ ಮಗ ಒಂದು ದಿನ ಹಳೆಯ ಅಂಬಾಸಿಡರ್ ಕಾರು ತಂದು ಅಂಗಡಿಯ ಮುಂದೆ ನಿಲ್ಲಿಸಿದ. ಜನ ಅವನನ್ನು ಸಣ್ಣ ಸಾಹುಕಾರ ಎನ್ನುತ್ತಿದ್ದರು. ನನಗಿಂತ ಎರಡು ಮೂರು ವರ್ಷ ಚಿಕ್ಕವನು. ಆ ಕಾರು ಅವರ ಮನೆಯಲ್ಲಿ ದನದ ಕೊಟ್ಟಿಗೆಯ ಪಕ್ಕ ಬಿದ್ದಿತ್ತಂತೆ. ಸಾಹುಕಾರರಿಗೆ ಹೊಸ ಕಾರು ಬಂದ ಮೇಲೆ ಇದನ್ನು ಇವನಿಗೆ ಬಿಟ್ಟುಕೊಟ್ಟಿದ್ದರು. ಬೊಂಬಾಯಿಯಿಂದ ಯಾರೋ ತಂದ ವಿಡಿಯೊ ಕ್ಯಾಸೆಟ್ಟಿನಲ್ಲಿ ಅವನು ಕಾರಿನ ಪಂದ್ಯ ನೋಡಿದ್ದ. ಅದರಲ್ಲಿ ಕಾರುಗಳು ತಿರುವಿನಲ್ಲಿ ಅಡ್ಡಡ್ಡ ಜಾರುತ್ತಾ, ಮೂತಿ ಒಂದು ಕಡೆ ಬಾಲ ಒಂದು ಕಡೆ ಮಾಡಿಕೊಂಡು, ಆದರೂ ಉರುಳದೆ ಹೋಗುತ್ತಿದ್ದವಂತೆ. ತನ್ನ ಕಾರೂ ಹಾಗೆ ಜಾರಬೇಕು. ಆದರೆ ಅದಕ್ಕೆಂದು ಸಾಹುಕಾರರು ಒಂದು ಬೋಲ್ಟು ಕೊಳ್ಳಲೂ ಕೊಡುವುದಿಲ್ಲ, ಇದ್ದುದರಲ್ಲೇ ಮಾಡಿಕೊಡಬೇಕು ಎಂದ.

ಅಪ್ಪ ನಕ್ಕ. ಎಲ್ಲರೂ ಗಾಡಿ ಜಾರಬಾರದು ಎಂದು ನಮ್ಮಲ್ಲಿಗೆ ಬರುತ್ತಾರೆ, ಇವನೊಬ್ಬ ಜಾರಲಿ ಎಂದು ಬಂದಿದ್ದಾನೆ ಎಂದ. ಕಾರಿನ ಕೆಲಸ ನಮ್ಮದಲ್ಲ ಎಂದು ಕಳಿಸಿಬಿಡುತ್ತಿದ್ದನೋ ಏನೋ. ಬಾಯಿ ಹಾಕಿದವಳು ನಾನು.

ಗಿರಣಿಯ ಲಾರಿ ಚಾಲಕರು ಅಂಗಡಿಯಲ್ಲಿ ಕೂತು ಹೇಳುತ್ತಿದ್ದ ಮಾತು ನನ್ನ ತಲೆಯಲ್ಲಿತ್ತು. ಲೋಡು ಇಳಿಸಿ ಖಾಲಿ ಬರುವಾಗ, ಮಳೆ ಬಿದ್ದ ರಸ್ತೆಯ ತಿರುವಿನಲ್ಲಿ ಲಾರಿ ಹಿಂಭಾಗ ಬೀಸುತ್ತದೆ ಎಂದು ಅವರು ದೂರುತ್ತಿದ್ದರು. ಯಾಕೆ ಎಂದು ಯೋಚಿಸಿದ್ದೆ. ಹಿಂದಿನ ಕಮಾನು ಹತ್ತು ಟನ್ನಿಗೆ ಕಟ್ಟಿದ್ದು. ಮೇಲೆ ಭಾರವೇ ಇಲ್ಲದಾಗ ಅದು ಮಣಿಯುವುದಿಲ್ಲ, ಗಾಲಿ ನೆಲವನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ಹಾಗಿದ್ದರೆ ಕಾರಿನ ಹಿಂದಿನ ಕಮಾನನ್ನೂ ಬೇಕೆಂದೇ ಗಟ್ಟಿ ಮಾಡಬೇಕು, ಮುಂದಿನದನ್ನು ಇದ್ದ ಹಾಗೇ ಬಿಡಬೇಕು. ಹಿಂದೆ ಸವೆದ ಟೈರು, ಮುಂದೆ ಒಳ್ಳೆಯ ಟೈರು. ನಾನು ಇದನ್ನು ಹೇಳಿದಾಗ ಸಣ್ಣ ಸಾಹುಕಾರ ಕಣ್ಣರಳಿಸಿ ನನ್ನನ್ನು ನೋಡಿದ. ಅಪ್ಪ ಗಡ್ಡ ಕೆರೆದುಕೊಳ್ಳುತ್ತಾ ಕಾರಿನ ಅಡಿಗೆ ತೂರಿದ. ಅವನಿಗೂ ಆಸೆ ಹುಟ್ಟಿತ್ತು.

ಹನ್ನೆರಡು ದಿನ ಹಿಡಿಯಿತು. ಮುರಿದ ಟ್ರೇಲರಿನ ಪಟ್ಟಿಗಳಲ್ಲಿ ತೆಳ್ಳಗಿನವನ್ನು ಆರಿಸಿ, ಕಾರಿನ ಅಳತೆಗೆ ಕತ್ತರಿಸಿ, ಹಿಂದಿನ ಎರಡೂ ಕಮಾನುಗಳ ಕಟ್ಟಿನಲ್ಲಿ ಒಂದೊಂದು ಸೇರಿಸಿದೆವು. ಹಳೆಯ ಪಟ್ಟಿಗಳನ್ನೂ ಕಾಯಿಸಿ ಹೊಸದಾಗಿ ಬಾಗಿಸಿದೆವು. ಕುಲುಕು ತಡೆಯುವ ಹಿಂದಿನ ಶಾಕಬ್ಸರುಗಳಲ್ಲಿ ಎಣ್ಣೆಯೇ ಇರಲಿಲ್ಲ, ಕಾರು ಕುಣಿಯುತ್ತಿತ್ತು. ಸಣ್ಣ ಸಾಹುಕಾರ ಚಿನ್ನದ ಗಣಿಯ ಹಟ್ಟಿಗೆ ಹೋಗಿ, ಕೈಖರ್ಚಿನ ದುಡ್ಡಿನಲ್ಲಿ ಅಲ್ಲಿಯ ಗುಜರಿ ಅಂಗಡಿಯಿಂದ ಒಂದು ಜೀಪಿನ ಶಾಕಬ್ಸರುಗಳನ್ನು ತಂದ. ಕೂಡುವ ಜಾಗ ಬೇರೆ ಇದ್ದುದರಿಂದ ಅಪ್ಪ ಅವಕ್ಕೆ ಕಬ್ಬಿಣದ ಕಿವಿ ಮಾಡಿ ಕೂರಿಸಿದ. ಪಟ್ಟಿಗಳು ಆಚೀಚೆ ಸರಿಯದಂತೆ ಲಾರಿಯ ಉಳಿಕೆ ಯೂ-ಬೋಲ್ಟುಗಳನ್ನು ಸಣ್ಣದು ಮಾಡಿ ಬಿಗಿದೆವು. ಸಣ್ಣ ಸಾಹುಕಾರ ದಿನವೂ ಬಂದು ಕಲ್ಲಿನ ಮೇಲೆ ಕೂತು ನೋಡುತ್ತಿದ್ದ. ನನ್ನನ್ನು ಅಕ್ಕಾ ಎನ್ನುತ್ತಿದ್ದ. ಮಿರ್ಚಿ, ಮಂಡಕ್ಕಿ ಕಟ್ಟಿಸಿಕೊಂಡು ಬರುತ್ತಿದ್ದ. ನಮ್ಮ ಜೊತೆ ನೆಲದಲ್ಲೇ ಕೂತು ತಿನ್ನುತ್ತಿದ್ದ. ಒಳ್ಳೆಯ ಹುಡುಗ ಎಂದೇ ಅಂದುಕೊಂಡಿದ್ದೆ. ಅದೂ ನನ್ನ ಈಗಿನ ಸಿಟ್ಟಿನ ಒಂದು ಭಾಗವೇ.

ಕೆಲಸ ಮುಗಿದ ಮೇಲೆ ಅಪ್ಪನನ್ನೂ ನನ್ನನ್ನೂ ಕೂರಿಸಿಕೊಂಡು ಮಸ್ಕಿಯ ಆಚೆಗೆ ಒಂದು ಗರಸು ಮಣ್ಣಿನ ಬಯಲಿಗೆ ಕರೆದುಕೊಂಡು ಹೋದ. ಬೆಳಿಗ್ಗೆ ಒಂಬತ್ತರ ಹೊತ್ತು. ಬಿತ್ತದ ನೆಲ, ದೂರದಲ್ಲಿ ಕುರಿಗಳು, ಮತ್ತೇನೂ ಇಲ್ಲ. ವೇಗ ಹಿಡಿದು ಸ್ಟೇರಿಂಗ್ ಎಳೆದ. ಕೈಬ್ರೇಕು ಜಗ್ಗಿದ. ಹಿಂಭಾಗ ಬಿಟ್ಟುಕೊಂಡಿತು. ಹಿಂದಿನ ಸೀಟಿನಲ್ಲಿ ನಾನು ಬಾಗಿಲಿಗೆ ಒತ್ತಿಕೊಂಡೆ. ಕಿಟಕಿಯ ತುಂಬ ಕೆಂಪು ಧೂಳು. ಕಾರು ಅಡ್ಡ ಜಾರುತ್ತಾ ಒಂದು ದೊಡ್ಡ ಅರ್ಧ ಸುತ್ತು ತಿರುಗಿ ನಿಂತಿತು. ಕುಣಿಯಲಿಲ್ಲ, ವಾಲಲಿಲ್ಲ. ನಾನು ಗಟ್ಟಿಯಾಗಿ ನಗುತ್ತಿದ್ದೆ. ಲಿಂಗಸುಗೂರಿನಿಂದ ಬಂದ ಮೇಲೆ ಹಾಗೆ ನಕ್ಕಿರಲಿಲ್ಲ. ಅಪ್ಪ ಇಳಿದು, ಮಂಡಿಯೂರಿ, ಬಿಸಿಯಾದ ಕಮಾನಿನ ಮೇಲೆ ಕೈಯಿಟ್ಟು, 'ಚಲೋ ಕುಂತೈತಿ' ಎಂದ. ಅಷ್ಟೇ. ಅವನ ಬಾಯಲ್ಲಿ ಅದು ದೊಡ್ಡ ಮಾತು.

ಎರಡು ತಿಂಗಳು ಎಲ್ಲ ಸರಿಯಿತ್ತು. ಸಣ್ಣ ಸಾಹುಕಾರ ವಾರಕ್ಕೊಮ್ಮೆ ಗೆಳೆಯರನ್ನು ತುಂಬಿಕೊಂಡು ಮಸ್ಕಿಯ ಬಯಲಿಗೆ ಹೋಗುತ್ತಿದ್ದ. ಒಂದು ದಿನ ಅಂಗಡಿಗೆ ಬಂದು, ಕಾರಿನ ಹಿಂಭಾಗ ಎತ್ತರವಾಗಿದೆ, ನಾಲ್ಕು ಬೆರಳು ಇಳಿಸಿಕೊಡಿ, ನೋಡಲು ಚೆಂದ ಕಾಣುತ್ತದೆ ಎಂದ. ಇಳಿಸಬಹುದು, ಆದರೆ ಕಟ್ಟು ಪೂರ್ತಿ ಬಿಚ್ಚಿ ಒಂದೊಂದೇ ಪಟ್ಟಿ ಕಾಯಿಸಿ ಮತ್ತೆ ಹದ ಮಾಡಬೇಕು, ಸುಗ್ಗಿಯ ಲಾರಿಗಳು ಸಾಲುಗಟ್ಟಿ ನಿಂತಿವೆ, ಹದಿನೈದು ದಿನ ತಡೆ ಎಂದ ಅಪ್ಪ. ಅವನು ಆಯ್ತು ಎಂದು ಹೋದ.

ಹತ್ತು ದಿನದ ಮೇಲೆ ಸುದ್ದಿ ಬಂತು. ಮಸ್ಕಿಯ ಬಯಲಿನಲ್ಲಿ ಕಾರು ಮಗುಚಿದೆ, ಸಣ್ಣ ಸಾಹುಕಾರನ ತೊಡೆಯ ಎಲುಬು ಮುರಿದಿದೆ ಎಂದು. ಜೊತೆಯಲ್ಲಿ ಯಾರೂ ಇರಲಿಲ್ಲ, ಅದೊಂದು ಪುಣ್ಯ. ನಾನು ದೇವರ ಮುಂದೆ ದೀಪ ಹಚ್ಚಿದೆ. ಅವನಿಗಾಗಿ ಹಚ್ಚಿದ್ದೆ.

ಮೂರನೆಯ ದಿನ ಸಾಹುಕಾರರು ಬಂದರು. ಅವರ ಆಳು ಜೀಪಿನಿಂದ ಮುರಿದ ಪಟ್ಟಿಯ ಎರಡು ತುಂಡು ತಂದು ಅಪ್ಪನ ಕಾಲ ಹತ್ತಿರ ಎಸೆದ. ಸಂತೆಯ ದಿನ. ರಸ್ತೆಯಲ್ಲಿ ಜನ ನಿಂತುಬಿಟ್ಟರು. ನಾನು ಸುತ್ತಿಗೆ ಹಿಡಿದೇ ಇದ್ದೆ. ಸಾಹುಕಾರರು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ. ಎಲ್ಲರಿಗೂ ಕೇಳುವ ಹಾಗೆ, ನಿಧಾನವಾಗಿ, ನನ್ನ ಕಡೆ ಬೆರಳು ತೋರಿಸಿ ಹೇಳಿದರು:

'ಗಂಡನ ಮನಿ ಬಿಟ್ಟು ಬಂದ ಹೆಂಗಸಿನ ಕೈಲೆ ಕಬ್ಬಣ ಬಡಸ್ತಿ. ಅದು ಮುರೀದs ಏನ್ ಆಗ್ತದ?'

ಅಪ್ಪ ಉತ್ತರ ಕೊಡುತ್ತಾನೆ ಎಂದು ಕಾದೆ. ಅವನು ಬಾಗಿ ಒಂದು ತುಂಡನ್ನು ಕೈಗೆತ್ತಿಕೊಂಡ, ಮುರಿದ ಜಾಗವನ್ನು ನೋಡಿದ, ಮೆಲ್ಲಗೆ ಕೆಳಗಿಟ್ಟ. ಆಮೇಲೆ ಎರಡೂ ಕೈ ಜೋಡಿಸಿದ.

'ನಂದs ಗಲತಿ ಆಗೈತ್ರಿ ಸಾವ್ಕಾರ್ರ. ಮಾಫ್ ಮಾಡ್ರಿ. ಇನ್ನ ಮ್ಯಾಗ ಆಕಿ ಬಡಿಯಾಂಗಿಲ್ಲ.'

ಜನ ಚದುರಿದರು. ಜೀಪು ಹೋಯಿತು. ಅಪ್ಪ ನನ್ನ ಹತ್ತಿರ ಬಂದು ಸುತ್ತಿಗೆಗೆ ಕೈ ಚಾಚಿದ. ನಾನು ಕೊಡಲಿಲ್ಲ. ಅವನ ಕಾಲ ಬಳಿ ನೆಲಕ್ಕೆ ಹಾಕಿ ಅಂಗಡಿಯ ಹಿಂದಿನ ನಮ್ಮ ಮನೆಯೊಳಗೆ ಹೋದೆ. ಮರುದಿನದಿಂದ ಏಟು ಹಾಕಲು ಗೊರೇಬಾಳದ ಒಬ್ಬ ಆಳನ್ನು ಕರೆಸಿಕೊಂಡ. ಒಲೆಯ ಮುಂದೆ ಕೂತ ನನಗೆ ಆ ಆಳಿನ ಏಟುಗಳು ಕೇಳಿಸುತ್ತಿದ್ದವು. ಒಂದೂ ಸರಿಯಾದ ಜಾಗಕ್ಕೆ ಬೀಳುತ್ತಿರಲಿಲ್ಲ.

ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ತುಂಡುಗಳನ್ನು ನಾನು ಅಪ್ಪ ಊಟಕ್ಕೆ ಕೂತಾಗ ತೆಗೆದುಕೊಂಡು ಬಿಸಿಲಿಗೆ ಹಿಡಿದೆ. ಪಟ್ಟಿಗೆ ಕಪ್ಪು ಬಣ್ಣ ಬಳಿದಿದ್ದರು. ನಾವು ಬಣ್ಣ ಬಳಿಯುವುದಿಲ್ಲ, ಎಣ್ಣೆಯ ಕಪ್ಪೇ ನಮ್ಮ ಬಣ್ಣ. ಉಳಿಯಿಂದ ಕೆರೆದೆ. ಕೆಳಗೆ ಬೆಸುಗೆಯ ಗೆರೆ ಇತ್ತು, ಗ್ರೈಂಡರಿನಿಂದ ಉಜ್ಜಿ ಸಮ ಮಾಡಿದ್ದರು. ಗೆರೆಯ ಪಕ್ಕದಲ್ಲಿ ಉಕ್ಕು ನೀಲಿಯಾಗಿತ್ತು. ಅದೇ ನೀಲಿಯ ಅಂಚಿಗೆ ಪಟ್ಟಿ ಮುರಿದಿತ್ತು. ಮುರಿದ ಮೈ ಒರಟು ಹರಳು ಹರಳಾಗಿ ಸಕ್ಕರೆಯಂತೆ ಮಿನುಗುತ್ತಿತ್ತು. ಹದವಾದ ಉಕ್ಕು ಹಾಗೆ ಮುರಿಯುವುದಿಲ್ಲ. ಕಮಾನಿನ ಉಕ್ಕಿಗೆ ಬೆಸುಗೆ ಹಾಕಿದರೆ ಅದರ ಪಕ್ಕಕ್ಕೇ ಮುರಿಯುತ್ತದೆ ಎಂಬುದು ನಮ್ಮ ಕೆಲಸದ ಮೊದಲ ಪಾಠ. ನಮ್ಮ ಅಂಗಡಿಯಲ್ಲಿ ಬೆಸುಗೆಯ ಯಂತ್ರವೇ ಇರಲಿಲ್ಲ.

ಆ ಹತ್ತು ದಿನದಲ್ಲಿ ಸಣ್ಣ ಸಾಹುಕಾರ ಕಾರನ್ನು ಬೇರೆ ಎಲ್ಲಿಗೋ ಒಯ್ದಿದ್ದಾನೆ ಎಂಬುದು ಆಗಲೇ ಗೊತ್ತಾಗಿಹೋಯಿತು. ಅವನ ಗೆಳೆಯನೊಬ್ಬನ ಸೈಕಲ್ ಅಂಗಡಿ ನಮ್ಮ ಎದುರಿಗೇ ಇತ್ತು. ಕೇಳಿದೆ. ಲಿಂಗಸುಗೂರಿನ ಬಸ್ ನಿಲ್ದಾಣದ ಹಿಂದಿನ ಗ್ಯಾಸ್ ವೆಲ್ಡಿಂಗ್ ಅಂಗಡಿ ಎಂದ.

ಲಿಂಗಸುಗೂರಿಗೆ ಮತ್ತೆ ಕಾಲಿಡುವುದಿಲ್ಲ ಎಂದು ನಾನು ಆಣೆ ಮಾಡಿಕೊಂಡಿದ್ದೆ. ಪಟ್ಟಿಯ ತುಂಡುಗಳನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ ಹತ್ತಿದೆ. ನಿಲ್ದಾಣದಲ್ಲಿ ಇಳಿದಾಗ ಗಂಡನ ಮನೆಯ ಕಡೆಯ ಹೆಂಗಸೊಬ್ಬಳು ನನ್ನನ್ನು ಗುರುತು ಹಿಡಿದು ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು. ನಾನು ಸೆರಗು ಎಳೆದುಕೊಳ್ಳಲಿಲ್ಲ. ನೇರ ವೆಲ್ಡಿಂಗ್ ಅಂಗಡಿಗೆ ಹೋಗಿ ಚೀಲವನ್ನು ನೆಲಕ್ಕೆ ಸುರಿದೆ. ವೆಲ್ಡಿಂಗಿನವನು ನಡುವಯಸ್ಸಿನ ಮನುಷ್ಯ. ನೋಡಿದ ಕೂಡಲೇ ಅವನ ಮುಖ ಇಳಿಯಿತು. ಅವನು ಸುಳ್ಳು ಹೇಳಲಿಲ್ಲ, ಅದನ್ನು ಒಪ್ಪಬೇಕು. ಸಣ್ಣ ಸಾಹುಕಾರ ಬಂದು ಹಿಂಭಾಗ ಇಳಿಸು ಎಂದಿದ್ದನಂತೆ. ಕಾರಿನಿಂದ ಬಿಚ್ಚದೆಯೇ ಗ್ಯಾಸಿನ ಉರಿ ಹಿಡಿದು ಪಟ್ಟಿಗಳನ್ನು ಬಗ್ಗಿಸಿದ್ದರು. ಎರಡು ದಿನಕ್ಕೆ ದೊಡ್ಡ ಪಟ್ಟಿ ಬಿರುಕು ಬಿಟ್ಟಿತು. ಮತ್ತೆ ತಂದಾಗ ಬೆಸುಗೆ ಹಾಕಿಕೊಟ್ಟಿದ್ದ.

'ಕಮಾನಿಗೆ ವೆಲ್ಡಿಂಗ್ ನಿಲ್ಲಂಗಿಲ್ಲ ಅಂತ ನಾ ಹೇಳೀನವ್ವಾ,' ಎಂದ. 'ಅವ ಕೇಳಲಿಲ್ಲ. ನೀ ಹಾಕು, ಬಣ್ಣ ಬಳಿ, ಸಿಂಧನೂರ್ ಮುದುಕಗ ಗೊತ್ತಾಗಬಾರದು ಅಂದ.'

ಬಸ್ಸಿನಲ್ಲಿ ಹಿಂದಿರುಗುವಾಗ ನನಗೆ ಖುಷಿಯಾಗಿತ್ತು ಎಂದರೆ ನಂಬುತ್ತೀರಾ? ಅಪ್ಪನಿಗೆ ಹೇಳಿದರೆ ಅವನ ತಲೆ ಮೇಲಕ್ಕೇಳುತ್ತದೆ ಎಂದುಕೊಂಡಿದ್ದೆ. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ತಲುಪಿದೆ. ಎಲ್ಲವನ್ನೂ ಹೇಳಿದೆ. ಅಪ್ಪ ಕುಲುಮೆಯ ಬೂದಿ ಕೆದರುತ್ತಾ ಕೇಳಿಸಿಕೊಂಡ. ಮುಖ ಎತ್ತಲಿಲ್ಲ.

'ನಂಗ ಅವತ್ತs ಗೊತ್ತಾಗಿತ್ತು ಬೇ,' ಎಂದ. 'ತುಂಡು ಕೈಯಾಗ ಹಿಡದಾಗ ನೋಡೀನಿ.'

ಹಾಗಾದರೆ ಯಾಕೆ ಕೈ ಮುಗಿದೆ ಎಂದು ಕೇಳಿದೆ. ಗಿರಣಿಯ ಒಂಬತ್ತು ಲಾರಿಗಳು ನಮ್ಮ ಅಂಗಡಿಗೆ ಬರುತ್ತವೆ, ಸಾಹುಕಾರರ ಮಾತಿಗೆ ಎದುರು ಮಾತಾಡಿದರೆ ಬೇರೆಯವರೂ ಬರುವುದಿಲ್ಲ ಎಂದ. ಎಲುಬು ಮುರಿದ ಮಗನ ಸಂಕಟದಲ್ಲಿ ಏನೋ ಅಂದರು ಎಂದ. ಒಂದು ಮಾತಿನಿಂದ ಏನು ಸವೆಯುತ್ತದೆ ಎಂದ. ನಾನು ಕೂಗಿದೆ. ಅವರು ಅಂದದ್ದು ನಿನಗಲ್ಲ, ನನಗೆ. ಮುಗಿದದ್ದು ನಿನ್ನ ಕೈ, ಕೊಟ್ಟದ್ದು ನನ್ನ ಮಾನ ಎಂದೆ. ನನ್ನ ಏಟು ತಪ್ಪಿಲ್ಲ ಎಂದು ಜಗತ್ತಿನಲ್ಲಿ ಗೊತ್ತಿದ್ದವನು ನೀನೊಬ್ಬನೇ, ನೀನೇ ಹಾಗೆ ಹೇಳಿದೆ ಎಂದೆ. ಅವನು ಬೂದಿ ಕೆದರುತ್ತಲೇ ಇದ್ದ. ಅಪ್ಪನನ್ನು ಹೊಡೆಯಬೇಕು ಅನ್ನಿಸಿದ್ದು ಅದೊಂದೇ ಸಲ. ಬರೆಯಲು ನಾಚಿಕೆಯಿಲ್ಲ.

ಮರುದಿನ ಸಾಹುಕಾರರ ಮನೆಗೆ ಹೋದೆ. ಸಾಹುಕಾರರು ಇರಲಿಲ್ಲ. ಸಣ್ಣ ಸಾಹುಕಾರ ಹಜಾರದ ಮಂಚದ ಮೇಲೆ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ. ಬಾ ಅಕ್ಕಾ ಎಂದ. ಅವನ ತಾಯಿ ಚಹಾ ಕೊಡಲು ಬಂದರು, ನಾನು ಬೇಡವೆಂದೆ. ಲಿಂಗಸುಗೂರಿಗೆ ಹೋಗಿ ಬಂದೆ ಎಂದಷ್ಟೇ ಹೇಳಿದೆ. ಅವನು ಗೋಡೆ ನೋಡಿದ. ತಪ್ಪಾಯಿತು ಎಂದ. ತನ್ನ ಅಪ್ಪನಿಗೆ ಗೊತ್ತಾದರೆ ಕಾರನ್ನು ಗುಜರಿಗೆ ಹಾಕಿಬಿಡುತ್ತಾರೆ ಎಂದ. ನೀವು ನಿಮ್ಮ ಅಪ್ಪನ ಮುಂದೆ ಒಂದು ಮಾತು ಹೇಳಿದರೆ ಸಾಕು, ಮತ್ತೇನೂ ಬೇಡ ಎಂದು ನಾನು ಕೇಳಿಕೊಂಡೆ. ಹೌದು, ಕೇಳಿಕೊಂಡೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

'ನಿಮ್ಮಪ್ಪನs ಒಪ್ಪಿಕೊಂಡಾನಲ್ಲ ಅಕ್ಕಾ,' ಎಂದ ಅವನು. 'ಮುಗದ ಹೋದ ಮಾತು. ಮತ್ಯಾಕ ಕೆದರ್ತಿ?'

ಅಲ್ಲಿಂದ ಬಂದು ಮನೆಯೊಳಗೆ ಕಾಲಿಡಲಿಲ್ಲ. ಅಂಗಡಿಗೆ ಹೋಗಿ ಚೀಲ ತೆಗೆದುಕೊಂಡು ಗಿರಣಿಗೆ ನಡೆದೆ. ಮಧ್ಯಾಹ್ನ. ಭತ್ತದ ಟ್ರೇಲರುಗಳು ಗೇಟಿನವರೆಗೆ ನಿಂತಿದ್ದವು. ಕಾಲುವೆಯ ಕ್ಯಾಂಪುಗಳಲ್ಲಿ ನೆಲೆಸಿದ ರೈತರು, ಹಮಾಲರು, ಲಾರಿ ಚಾಲಕರು, ಎಲ್ಲರೂ ಇದ್ದರು. ಸಾಹುಕಾರರು ತೂಕದ ಯಂತ್ರದ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಅವರ ಮುಂದೆ ತುಂಡುಗಳನ್ನು ಹಾಕಿದೆ.

'ಇದು ನಾ ಬಡದದ್ದಕ್ಕ ಮುರಿದಿಲ್ರಿ. ನಿಮ್ಮ ಮಗ ಲಿಂಗಸುಗೂರಾಗ ಗ್ಯಾಸ್ ಹಿಡಿಸ್ಯಾನ, ವೆಲ್ಡಿಂಗ್ ಹಾಕಿಸ್ಯಾನ. ಬೇಕಾದ್ರ ನೋಡ್ರಿ. ನಿಮಗ ತಿಳೀಲಿಲ್ಲಂದ್ರ ನಿಮ್ಮ ಡ್ರೈವರಗ ಕೇಳ್ರಿ.'

ಸಾಹುಕಾರರು ತುಂಡುಗಳನ್ನು ನೋಡಲೇ ಇಲ್ಲ. ನಿನ್ನ ಅಪ್ಪನನ್ನು ಕಳಿಸು, ಹೆಂಗಸರ ಜೊತೆ ನಾನು ಮಾತಾಡುವುದಿಲ್ಲ ಎಂದರು. ಆಗ ಅವರದೇ ಲಾರಿಯ ಹಿರಿಯ ಚಾಲಕನೊಬ್ಬ, ನಮ್ಮ ಅಂಗಡಿಯಲ್ಲಿ ಎಷ್ಟೋ ವರ್ಷದಿಂದ ಕೂತು ಚಹಾ ಕುಡಿದವನು, ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತು ತುಂಡು ತೆಗೆದುಕೊಂಡ. ತಿರುಗಿಸಿ ನೋಡಿದ. 'ವೆಲ್ಡಿಂಗ್ ಐತ್ರಿ ಇದಕ್ಕ,' ಎಂದ. ಅಷ್ಟು ಹೇಳಿ ಎದ್ದು, ತುಂಡನ್ನು ಸಾಹುಕಾರರ ಕುರ್ಚಿಯ ಪಕ್ಕ ಇಟ್ಟು, ತನ್ನ ಲಾರಿಯ ಕಡೆಗೆ ಹೋದ. ಸಾಹುಕಾರರು ಮುನೀಮನಿಗೆ ಮುಂದಿನ ಟ್ರೇಲರು ಬಿಡು ಎಂದರು. ಹಮಾಲರು ಚೀಲ ಎತ್ತಿದರು. ನಾನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಅಡ್ಡ ನಿಂತಿದ್ದೀಯ, ಪಕ್ಕಕ್ಕೆ ಸರಿ ಎಂದು ಟ್ರ್ಯಾಕ್ಟರಿನವನು ಹಾರ್ನ್ ಹಾಕಿದ. ಸರಿದೆ.

ಗಿರಣಿಯ ಲಾರಿಗಳು ನಮ್ಮ ಅಂಗಡಿಗೆ ಬರುವುದು ನಿಂತಿತು. ಅಪ್ಪ ಹೆದರಿದ್ದು ನಿಜವಾಯಿತು. ಅವನು ನನ್ನನ್ನು ಬೈಯಲಿಲ್ಲ, ಹೊಗಳಲೂ ಇಲ್ಲ. ಕೆಲಸ ಕಡಿಮೆಯಾದದ್ದರಿಂದ ಗೊರೇಬಾಳದ ಆಳನ್ನು ಬಿಡಿಸಿದ. ಒಂದು ಬೆಳಿಗ್ಗೆ ಟ್ರೇಲರಿನ ಪಟ್ಟಿ ಕಾಯಿಸಿ ಅಡಿಗಲ್ಲಿಗೆ ತಂದು, ಒಬ್ಬನೇ ಸಣ್ಣ ಸುತ್ತಿಗೆಯಿಂದ ಬಡಿಯತೊಡಗಿದ. ಅವನಿಗೆ ಆಗ ಅರವತ್ತು ದಾಟಿತ್ತು. ಪಟ್ಟಿ ಎರಡು ಸಲ ಆರಿತು, ಎರಡು ಸಲ ಮತ್ತೆ ಕಾಯಿಸಿದ. ಮೂರನೆಯ ಸಲ ನಾನು ಎದ್ದು ದೊಡ್ಡ ಸುತ್ತಿಗೆ ತೆಗೆದುಕೊಂಡೆ. ಅವನ ಮುಖ ನೋಡಲಿಲ್ಲ. ಅವನ ಸುತ್ತಿಗೆ ಟಿಣ್ ಎಂದ ಕಡೆ ಏಟು ಹಾಕಿದೆ. ಅವನು ಆ ಹೊತ್ತಿಗೆ ಏನಾದರೂ ಅನ್ನಬಹುದಿತ್ತು. ತಪ್ಪಾಯಿತು ಎಂದು ಅನ್ನಬೇಕಾಗಿರಲಿಲ್ಲ, ನನ್ನ ಹೆಸರು ಹಿಡಿದು ಕರೆದಿದ್ದರೂ ಸಾಕಿತ್ತು. ಅನ್ನಲಿಲ್ಲ.

ಮುಂದಿನ ಸುಗ್ಗಿಯ ಹೊತ್ತಿಗೆ ಗಿರಣಿಯ ಒಂದು ಲಾರಿ ಬಂತು. ಅದೇ ಹಿರಿಯ ಚಾಲಕ. ಬೇರೆ ಕಡೆ ಮಾಡಿಸಿದ ಕಮಾನು ಮೂರು ತಿಂಗಳೂ ಬಾಳಿಕೆ ಬರುತ್ತಿಲ್ಲ ಎಂದ. ಅಪ್ಪ ಸಂತೋಷದಿಂದ ಎದ್ದು, ಜಾಕು ತರಲು ಹೊರಟ. ನಾನು ಅಡ್ಡ ನಿಂತೆ. ಈ ಅಂಗಡಿಯಲ್ಲಿ ದೊಡ್ಡ ಸುತ್ತಿಗೆ ನನ್ನದು, ನಿಮ್ಮ ಸಾಹುಕಾರರಿಗೆ ಅದು ಒಪ್ಪಿಗೆಯೋ ಕೇಳಿಕೊಂಡು ಬನ್ನಿ, ಆಮೇಲೆ ಕಮಾನು ಬಿಚ್ಚುತ್ತೇವೆ ಎಂದು ಚಾಲಕನಿಗೆ ಹೇಳಿದೆ. ಅಪ್ಪ ಜಾಕು ಹಿಡಿದುಕೊಂಡೇ ನಿಂತ. 'ಬ್ಯಾಡ ಬೇ,' ಎಂದ. ನಾನು ಕದಲಲಿಲ್ಲ. ಚಾಲಕ ನನ್ನನ್ನೊಮ್ಮೆ ಅಪ್ಪನನ್ನೊಮ್ಮೆ ನೋಡಿ ಲಾರಿ ತಿರುಗಿಸಿಕೊಂಡು ಹೋದ.

ಎರಡು ದಿನ ಅಪ್ಪ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಆ ಲಾರಿ ಬಂದು ನಿಂತಿತು. ಸಾಹುಕಾರರು ಏನಂದರು ಎಂದು ಚಾಲಕ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವನು ತಾನೇ ಜಾಕು ಹಾಕಿ, ಹಿಂದಿನ ಗಾಲಿ ಬಿಚ್ಚಿ, ಗೋಡೆಗೆ ಒರಗಿಸಿದ. ಅಪ್ಪ ಕುಲುಮೆಗೆ ಇದ್ದಿಲು ಹಾಕಿದ. ನಾನು ಸೆರಗನ್ನು ನಡುವಿಗೆ ಸಿಕ್ಕಿಸಿಕೊಂಡು ಯೂ-ಬೋಲ್ಟುಗಳನ್ನು ಸಡಿಲಿಸಲು ಲಾರಿಯ ಅಡಿಗೆ ಹೋದೆ.